ನಾಲ್ಕು ಪ್ಲಗ್ಗಿಗೆ ಮೂರು ದಿನ

ನಮ್ಮ ಸೋದರಮಾವ ಹೆಣ್ಣು ನೋಡಿ ಒಪ್ಪಲು ತೆಗೆದುಕೊಂಡದ್ದು ಒಂದು ಬಸಿ ಚಹಾ ಆರುವಷ್ಟು ಹೊತ್ತಂತೆ. ಅದೇ ಮನುಷ್ಯ ಕಾರಿಗೆ ನಾಲ್ಕು ಸ್ಪಾರ್ಕ್ ಪ್ಲಗ್ ಆರಿಸಲು ಮೂರು ದಿನ ತೆಗೆದುಕೊಂಡ! ಆ ಮೂರೂ ದಿನ ಜೊತೆಗಿದ್ದವನು ನಾನು. ಈಗಲೂ ಸೊಂಟ ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ಕಾರು ನನಗಿಂತ ಹಿರಿಯದು. ನಾರಾಯಣಪೇಟೆಯ ಬೀದಿಯಲ್ಲಿ ಅದು ಬಂದರೆ ಎಮ್ಮೆಗಳೂ ದಾರಿ ಬಿಡುತ್ತವೆ. ಗೌರವಕ್ಕಲ್ಲ, ಅದರ ಬ್ರೇಕಿನ ಮೇಲೆ ಅವಕ್ಕೂ ನಂಬಿಕೆಯಿಲ್ಲ! ಹರಕು ಗೋಣಿಚೀಲವನ್ನೂ ಒಳ್ಳೆಯ ರೇಟಿಗೆ ಕುದುರಿಸಬಲ್ಲ ನಾನು ಒಮ್ಮೆ ಈ ಕಾರಿಗೂ ಗಿರಾಕಿ ತಂದಿದ್ದೆ. ಮಾವ ಅವನಿಗೆ ಚಹಾ ಕುಡಿಸಿ, ಕಾರಿನ ಕಾಯಿಲೆಗಳನ್ನೆಲ್ಲ ಪ್ರೀತಿಯಿಂದ ವಿವರಿಸಿ ಕಳಿಸಿಬಿಟ್ಟ.

ಈ ಸಲದ ಅವಸರ ಬೇರೆ. ಗದ್ವಾಲದಲ್ಲಿ ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದರು. ತಂಗಿಯನ್ನು ಒಮ್ಮೆ ನೋಡಬೇಕೆಂದು ಹೇಳಿ ಕಳಿಸಿದ್ದರು. ಅತ್ತೆಗೆ ಬಸ್ಸೂ ಆಗದು, ಎಸಿ ಕಾರೂ ಆಗದು. ಊರು ದಾಟುವುದರೊಳಗೆ ವಾಂತಿ. ಕಿಟಕಿಯ ಗಾಜು ಮೇಲೇರುವುದನ್ನೇ ಮರೆತಿರುವ ಮಾವನ ಕಾರೊಂದೇ ಗತಿ. ಅದೋ, ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು.

“ಪ್ಲಗ್ಗು ಸತ್ತಾವ. ನಡಿ ಅಳಿಯ,” ಎಂದ ಮಾವ.

ಮೊದಲ ದಿನ ನಾರಾಯಣಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆವು. ಆ ಅಳತೆಯದು ಸಿಗಲಿಲ್ಲ. ಎರಡನೆಯ ದಿನ ಬಸ್ಸು ಹತ್ತಿ ಮಕ್ತಲ್. ಮಾವ ಜೀವಮಾನವೆಲ್ಲ ಕೈಮಗ್ಗದ ಸೀರೆ ಆರಿಸಿ ಕೊಂಡ ವ್ಯಾಪಾರಿ. ಜಗತ್ತಿನ ಯಾವ ವಸ್ತುವನ್ನಾದರೂ ಹಾಗೆಯೇ ನೋಡುತ್ತಾನೆ. ಪ್ಲಗ್ಗನ್ನು ಬಿಸಿಲಿಗೆ ಹಿಡಿದ, ಹೆಬ್ಬೆರಳಿನಿಂದ ಸವರಿದ, ಮೂಸಿಯೂ ನೋಡಿದ!

“ಕಾಕಾ, ಪ್ಲಗ್ಗು ರೀ ಇದು, ಸೀರಿ ಅಲ್ಲ!” ಎಂದ ಅಂಗಡಿಯವ.

“ಗೊತ್ತೈತಪಾ. ನಾಕೂ ಒಂದೇ ಕೈಯಾಗ ತಯಾರಾದವ ಏನು?”

“ಕಾರ್ಖಾನ್ಯಾಗ ಕೈ ಎಲ್ಲಿಂದ ತರ್ಲಿ ರೀ!”

ನಾನು ಚೌಕಾಸಿಗೆ ಇಳಿದೆ. ರೇಟು ಅರ್ಧಕ್ಕೆ ಬರುವಷ್ಟರಲ್ಲಿ ಮಾವ, “ಪಾಪ, ಅಷ್ಟು ಯಾಕ ಇಳಸ್ತಿ? ಅವನೂ ಬದುಕಬೇಕಲ್ಲ?” ಎಂದ. ನನ್ನ ಮಾತು ಕೇಳಿ: ಚೌಕಾಸಿಗೆ ಹೋಗುವಾಗ ಒಳ್ಳೆಯ ಮನುಷ್ಯರನ್ನು ಜೊತೆಗೆ ಕರೆದೊಯ್ಯಬೇಡಿ!

ಮೂರನೆಯ ದಿನ ಬೆಳಗ್ಗೆ ನೋಡಿದರೆ, ಕೊಂಡು ತಂದ ನಾಲ್ಕೂ ಪ್ಲಗ್ಗು ಉಪ್ಪುನೀರಿನ ಬೋಗುಣಿಯಲ್ಲಿ ಮುಳುಗಿವೆ!

“ಮಾಮಾ, ಏನ್ರೀ ಇದು?”

“ಬಣ್ಣ ಬಿಡ್ತಾವೇನು ನೋಡಾಕತ್ತೀನಿ.”

“ಪ್ಲಗ್ಗಿಗೆ ಎಲ್ಲೀ ಬಣ್ಣ ರೀ!”

ಮಾವ ಒಂದನ್ನು ಎತ್ತಿ ಉಜ್ಜಿ ತೋರಿಸಿದ. ಮೈಮೇಲೆ ಅಚ್ಚು ಹಾಕಿದ್ದ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಮಾಲು ನಕಲಿ! ಚೌಕಾಸಿ ಮಾಡಿದವನೂ ನಾನೇ, ಮೋಸಹೋದವನೂ ನಾನೇ. ಮತ್ತೆ ಮಕ್ತಲ್. ಅಂಗಡಿಯವನಿಗೂ ಯಾರೋ ಟೋಪಿ ಹಾಕಿದ್ದರಂತೆ. ಗೊಣಗಿಕೊಂಡು ಅಸಲಿ ಮಾಲು ಕೊಟ್ಟ. ಮನೆಗೆ ಬಂದು ಪ್ಲಗ್ಗಿನ ತುದಿಯ ಸಂದನ್ನು ಮಾವ ರೇಷ್ಮೆ ಎಳೆ ಮಡಚಿ ಅಳೆದು ಕೂರಿಸಿದ. ಕಾರು ಒಂದೇ ಏಟಿಗೆ ಎದ್ದಿತು! ನನಗೆ ಬೈಯಲೂ ಶಕ್ತಿ ಉಳಿದಿರಲಿಲ್ಲ.

ಮರುದಿನ ಮೂವರೂ ಹೊರಟೆವು. ಮಕ್ತಲ್ ದಾಟಿತು. ಜೂರಾಲ ಡ್ಯಾಮಿನ ಹತ್ತಿರ ಬಂದಾಗ ಕಾರು ತಣ್ಣಗೆ ನಿಂತಿತು. ಅತ್ತೆ ಇಳಿದು ನೀರಿನ ಕಡೆ ಹೋದರು. ಮಾವ ಬಾನೆಟ್ಟು ಎತ್ತಿ, ಬಟ್ಟೆ ಸುತ್ತಿ, ಬಿಸಿ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ನನ್ನ ತಾಳ್ಮೆ ಕಿತ್ತುಹೋಯಿತು.

“ಮೂರು ದಿನ ಕತ್ತೆ ಕಾದ್ವೇನ್ರೀ ನಾವು?”

“ಸಣ್ಣಕ ಮಾತಾಡಲೇ. ಗಾಡಿಗೆ ಏನೂ ಆಗಿಲ್ಲ. ನಾನೇ ಬಂದ್ ಮಾಡೀನಿ.”

“ಯಾಕ್ರೀ?”

ಮಾವ ಕಣ್ಣಿನಲ್ಲೇ ತೋರಿಸಿದ. ಅತ್ತೆ ನಮಗೆ ಬೆನ್ನು ಮಾಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

“ಮನಿ ಬಿಟ್ಟಾಗಿಂದ ಅಳು ನುಂಗಾಕತ್ತಾಳ. ಅಕ್ಕನ ಮುಂದ ಹೋಗಿ ಅತ್ತರ ಆ ಜೀವ ಹೆದರ್ತೈತಿ. ಇಲ್ಲೇ ಅತ್ತು ಹಗುರಾಗ್ಲಿ. ನಾವು ನೋಡಿದ್ರ ಅಳೂದಿಲ್ಲ ಆಕಿ. ತಗೋ, ಒರಸಿದಂಗ ಮಾಡು.”

ಫಳಫಳ ಹೊಳೆಯುವ ಹೊಸ ಪ್ಲಗ್ಗನ್ನು ತೆಗೆದುಕೊಂಡು ನಾನೂ ಒರೆಸಿದೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ತಿರುಗದೆಯೇ ಕೇಳಿದರು:

“ಆತೇನ್ರೀ?”

ಆ ದನಿ ಇನ್ನೂ ಒದ್ದೆಯಾಗಿತ್ತು. ಮಾವ ಒರೆಸಿಟ್ಟ ಪ್ಲಗ್ಗನ್ನೇ ಮತ್ತೆ ಕೈಗೆತ್ತಿಕೊಂಡ.

“ಇನ್ನೊಂದು ಉಳದೈತಿ ನೋಡು,” ಎಂದ.