ಇಡ್ಲಿ ಪಾತ್ರೆಯಲ್ಲಿ ಬೆಂದ ಸೆನ್ಸರ್

ಮಾಧವ ಹೊಳ್ಳರ ಸಂಸಾರದಲ್ಲಿ ಬಿರುಕು ತಂದದ್ದು ಹೆಣ್ಣಲ್ಲ, ಹೊನ್ನಲ್ಲ, ಮಣ್ಣಲ್ಲ. ಒಂದೂವರೆ ಅಂಗುಲದ ಒಂದು ಮುಳ್ಳು. ಮೀನಿನ ಮುಳ್ಳಲ್ಲ (ಶಿವ ಶಿವಾ! ಹೊಳ್ಳರು ಕೋಟದ ಕಡೆಯ ಬ್ರಾಹ್ಮಣರು, ವಡೋದರಾದ ಅಲ್ಕಾಪುರಿಯಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು ಇಟ್ಟವರು). ಅವರ ಹಳೆಯ ಫಿಯೆಟ್ ಕಾರಿನ ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮೀಟರಿನ ಮುಳ್ಳು.

ಈ ಮೀಟರು ಕಾರಿನ ಜೊತೆ ಹುಟ್ಟಿದ್ದಲ್ಲ. ಕಂಪನಿಯ ಮೀಟರು ಕಣ್ಣು ಮುಚ್ಚಿದ ಮೇಲೆ ಹೊಳ್ಳರು ಪೇಟೆಯಿಂದ ತಂದು ಸ್ಟೀರಿಂಗಿನ ಪಕ್ಕ ಕೂರಿಸಿಕೊಂಡ ದತ್ತುಪುತ್ರ. ಕಪ್ಪು ಮುಖ, ಹಿತ್ತಾಳೆಯ ಅಂಚು, ಹಸಿರು ದೀಪ. ಎಂಜಿನ್ನಿಗೆ ತಿರುಗಿಸಿ ಕೂರಿಸಿದ ಹೆಬ್ಬೆರಳ ಗಾತ್ರದ ಸೆನ್ಸರೊಂದು ಒಳಗಿನ ನೀರಿನ ಬಿಸಿ ನೋಡಿ, ತಂತಿಯಲ್ಲಿ ಈ ಮೀಟರಿಗೆ ಚಾಡಿ ಹೇಳುತ್ತದೆ, ಮುಳ್ಳು ಏಳುತ್ತದೆ. ವ್ಯವಸ್ಥೆ ಇಷ್ಟೇ. ಇಷ್ಟರಲ್ಲೇ ಹೊಳ್ಳರ ಮಾನ ಹೋಯಿತು.

ಹೋದ ವರ್ಷ, ಅಂದರೆ ಎರಡು ಸಾವಿರದ ಎರಡರ ಬೇಸಿಗೆಯಲ್ಲಿ, ಹೆಂಡತಿ ಯಶೋದಾಳ ಅಣ್ಣ ಭೀಮಸೇನ ಐತಾಳರ ಮಗನ ಉಪನಯನ ಸೂರತ್ತಿನಲ್ಲಿತ್ತು. ಹೊರಟ ಅರ್ಧ ಗಂಟೆಗೇ ಮುಳ್ಳು ಕೆಂಪಿಗೆ ಹೋಗಿ ಕೂತಿತು. ಹೊಳ್ಳರು ಹತ್ತು ಹತ್ತು ಕಿಲೋಮೀಟರಿಗೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಬೀಸಣಿಗೆ ಹಿಡಿದು ಎಂಜಿನ್ನಿನ ಉಪಚಾರ ಮಾಡಿದರು. ಸೂರತ್ ಮುಟ್ಟಿದಾಗ ವಟುವಿಗೆ ಭಿಕ್ಷೆ ಹಾಕಬೇಕಾದ ಸೋದರತ್ತೆಯ ಪಾಲಿಗೆ ಉಳಿದದ್ದು ಎಲೆ ಎತ್ತುವ ದೃಶ್ಯ. ಆಮೇಲೆ ಮೆಕ್ಯಾನಿಕ್ ನೋಡಿ ಹೇಳಿದ: ಎಂಜಿನ್ ತಣ್ಣಗೇ ಇತ್ತು, ಸೆನ್ಸರ್ ಸತ್ತಿತ್ತು.

ಯಶೋದಾ ಅದನ್ನು ಮರೆತಿರಲಿಲ್ಲ. ಈಗ ಅದೇ ಅಣ್ಣನ ಮಗಳು ಸೌಮ್ಯಾಳ ನಿಶ್ಚಿತಾರ್ಥ ಗೊತ್ತಾದ ದಿನವೇ ಮಾತು ತೆಗೆದಳು.

"ಹ್ವಾಯ್, ಈ ಸಲ ಆರತಿ ಎತ್ತುದು ನಾನು. ರೈಲಿಗೆ ಹೋಪ."

"ಮನೇಲಿ ಕಾರು ಇಟ್ಕಂಡು ರೈಲಾ? ಮುಳ್ಳು ನಾನು ಸರಿ ಮಾಡ್ಸ್ತೆ ಮಾರಾಯ್ತಿ."

"ಆಗದಿದ್ರೆ?"

"ಆಗದಿದ್ರೆ ಗಾಡಿ ಮಾರ್ತೆ!"

ಈ ಭೀಷ್ಮ ಪ್ರತಿಜ್ಞೆ ಹೊಳ್ಳರ ಬಾಯಿಂದ ಬಿದ್ದದ್ದು ಅವರಿಗೇ ಗೊತ್ತಾಗಲಿಲ್ಲ. ಯಶೋದಾ ಕೂಡಲೇ ಒಂಬತ್ತನೇ ಕ್ಲಾಸಿನ ಮಗಳನ್ನು ಕೂಗಿದಳು. "ಪ್ರತೀಕ್ಷಾ, ಕೇಳ್ದ್ಯಲ್ಲ? ನೀನೇ ಸಾಕ್ಷಿ. ಮುಳ್ಳು ಸರಿ ಹೇಳಿದ್ರೆ ಗಾಡಿ ಉಳೀತು, ಇಲ್ದಿದ್ರೆ ಹೋಯ್ತು."

"ಓಕೆ ಮಮ್ಮಿ, ಡನ್," ಎಂದಳು ಪ್ರತೀಕ್ಷಾ. ಆ ಹುಡುಗಿಯ ಕನ್ನಡ ಗುಜರಾತಿನ ದಾಲಿನಂತೆ, ಅದರಲ್ಲಿ ಏನೇನೋ ಸೇರಿರುತ್ತಿತ್ತು.

ಹೊಳ್ಳರಿಗೆ ಗಾಡಿ ಅಂದರೆ ಪ್ರಾಣ. ಹೋಟೆಲಿನಲ್ಲಿ ಕಪ್ ತೊಳೆಯುತ್ತಿದ್ದ ಕಾಲದಲ್ಲೇ ಕನಸು ಕಂಡು, ಸ್ವಂತ ಹೋಟೆಲು ಇಟ್ಟ ಮೇಲೆ ಕೊಂಡದ್ದು. ಮರುದಿನವೇ ಸೆನ್ಸರ್ ಹುಡುಕಲು ಹೊರಟರು. ಮಕರಪುರದ ಮೆಕ್ಯಾನಿಕ್ ಎಚ್ಚರಿಸಿದ್ದ: "ಶೇಠ್, ಮೀಟರಿಗೂ ಸೆನ್ಸರಿಗೂ ಜಾತಕ ಕೂಡಬೇಕು. ಯಾವುದೋ ಒಂದನ್ನು ತಂದು ಹಾಕಿದರೆ ಮುಳ್ಳು ಬಾಯಿಗೆ ಬಂದದ್ದು ಹೇಳುತ್ತದೆ. ಕುದಿಯುವ ನೀರಿನಲ್ಲಿ ಮುಳುಗಿಸಿ ನೋಡಿ. ಒಂದು ತಂತಿ ಸೆನ್ಸರಿನ ತಲೆಗೆ, ಇನ್ನೊಂದು ಅದರ ಮೈಯಿಂದ ಗಾಡಿಯ ಮೈಗೆ. ಮುಳ್ಳು ನೂರಕ್ಕೆ ನಿಂತರೆ ಗಂಡು ಹೆಣ್ಣು ಒಪ್ಪಿದ ಹಾಗೆ."

ಕುದಿಯುವ ನೀರಿಗೆ ಉಡುಪಿ ಹೋಟೆಲಿನಲ್ಲಿ ಬರವೇ? ಹೊಳ್ಳರು ಕಾರನ್ನು ಅಡುಗೆಮನೆಯ ಕಿಟಕಿಗೆ ಒತ್ತಿ ನಿಲ್ಲಿಸಿ, ಕಿಟಕಿಯಿಂದ ಎರಡು ತಂತಿ ಒಳಗೆ ಬಿಟ್ಟು, ಸ್ಟೇಷನ್ ಹತ್ತಿರದ ಅಂಗಡಿಯಿಂದ ತಂದ ಮೊದಲ ಸೆನ್ಸರನ್ನು ಇಡ್ಲಿ ಪಾತ್ರೆಯ ತಳದ ನೀರಿಗೆ ಇಳಿಸಿದರು. ಮುಳ್ಳು ಮೆಲ್ಲಗೆ ಎದ್ದು, ಐವತ್ತು ದಾಟಿ, ಎಂಬತ್ತು ದಾಟಿ, ಸರಿಯಾಗಿ ನೂರರಲ್ಲಿ ನಿಂತಿತು.

"ಪಪ್ಪಾ, ನೀನು ಇಡ್ಲಿಗೆ ಕರೆಂಟ್ ಕೊಡ್ತಿಯಾ?" ಎಂದು ಕೇಳಿದಳು ಪ್ರತೀಕ್ಷಾ. ಹೊಳ್ಳರು ಆನಂದಬಾಷ್ಪ ಒರೆಸಿಕೊಳ್ಳುತ್ತಿದ್ದರು (ಅಥವಾ ಇಡ್ಲಿಯ ಹಬೆಯೂ ಇರಬಹುದು).

ಆಮೇಲೆ ಅದನ್ನು ಎಂಜಿನ್ನಿಗೆ ಹಾಕಬೇಕು. ಇಲ್ಲಿ ಹೊಳ್ಳರ ಕುಲವಿದ್ಯೆ ಕೆಲಸಕ್ಕೆ ಬಂತು. ಇಪ್ಪತ್ತೆರಡು ವರ್ಷ ಹೋಟೆಲು ನಡೆಸಿದವರು. ನಲ್ಲಿ, ಬಾಯ್ಲರ್, ಕಾಫಿ ಫಿಲ್ಟರು ಯಾವುದೇ ಇರಲಿ, ತಿರುಪಿನ ಮೇಲೆ ಪ್ಲಂಬರ್‌ಗಳು ಸುತ್ತುವ ಬಿಳಿ ಟೇಪನ್ನು ಹದಿನೈದು ಸುತ್ತು ಸುತ್ತದೆ ಕೂರಿಸಿದವರಲ್ಲ. ಅವರ ಹೋಟೆಲಿನಲ್ಲಿ ಒಂದು ಹನಿ ಸೋರಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಸೆನ್ಸರಿಗೂ ಹದಿನೈದು ಸುತ್ತು ಬಿತ್ತು. "ನನ್ನ ಕಡೆಯಿಂದ ಇನ್ನೆರಡು" ಎಂದು ಹದಿನೇಳಾಯಿತು. ಬಿಗಿಯಾಗಿ ತಿರುಗಿಸಿ, ಗಾಡಿ ಚಾಲೂ ಮಾಡಿ, ಮೀಟರಿನ ಮುಂದೆ ಕೂತರು.

ಮುಳ್ಳು ಅಲುಗಾಡಲಿಲ್ಲ. ಅರ್ಧ ಊರು ಸುತ್ತಿ ಬಂದರೂ ಸೊನ್ನೆಯಲ್ಲೇ ಮಲಗಿತ್ತು.

"ಜಾತಕ ಕೂಡಲಿಲ್ಲ," ಎಂದು ನಿಟ್ಟುಸಿರಿಟ್ಟ ಹೊಳ್ಳರು ಎರಡನೆಯದಕ್ಕೆ ಅಹಮದಾಬಾದಿಗೆ ಹೋದರು. ಸಾಬರಮತಿ ದಂಡೆಯ ಭಾನುವಾರದ ಗುಜರಿ ಬಜಾರಿನಲ್ಲಿ ಮುದುಕನೊಬ್ಬ ಸೆನ್ಸರನ್ನು ಪಂಚೆಯ ಅಂಚಿನಿಂದ ಒರೆಸಿ, "ಚಾಲಶೇ ಭಾಯ್, ಚಾಲಶೇ!" ನಡೆಯುತ್ತದೆ ಎಂದು ಅಭಯ ಕೊಟ್ಟ. ಇಡ್ಲಿ ಪಾತ್ರೆಯಲ್ಲಿ ನಡೆಯಿತು. ಕಾರಿನಲ್ಲಿ ನಡೆಯಲಿಲ್ಲ. ಮೂರನೆಯದನ್ನು ಸೂರತ್ತಿನಿಂದ ತಂದರು, ಭಾವನ ಕಣ್ಣಿಗೆ ಬೀಳದ ಹಾಗೆ ತಲೆಮರೆಸಿಕೊಂಡು ಹೋಗಿ. ಅದೂ ಹಾಗೇ. ನಾಲ್ಕು, ಐದು, ಆರು. ಎಲ್ಲವೂ ಇಡ್ಲಿ ಪಾತ್ರೆಯಲ್ಲಿ ವಾಚಾಳಿ, ಎಂಜಿನ್ನಿನಲ್ಲಿ ಮೌನವ್ರತ. ಪ್ರತಿ ಸಲ ಸೋತಾಗಲೂ ಹೊಳ್ಳರು ಮುಂದಿನದಕ್ಕೆ ಇನ್ನೆರಡು ಸುತ್ತು ಟೇಪು ಜಾಸ್ತಿ ಮಾಡುತ್ತಿದ್ದರು.

"ಗಿರಾಕಿಗಳು ಕೇಳ್ತಾ ಇದ್ರು, ಇಡ್ಲಿಗೆ ಎಂತಕ್ಕೆ ಹಿತ್ತಾಳೆ ವಾಸನೆ ಅಂತ," ಎಂದಳು ಯಶೋದಾ. "ಮತ್ತೆ ಕೈತೊಳಿಯು ನಲ್ಲಿ ಸೋರ್ತಾ ಇತ್ತ್. ಟೇಪು ಎಲ್ಲಿ?"

ಹೊಳ್ಳರು ಉಳಿದ ಟೇಪಿನ ಸುರುಳಿಯನ್ನು ಕಿಸೆಗೆ ಇಳಿಸಿ ಕಾರಿನ ಕಡೆ ನಡೆದರು.

ನಿಶ್ಚಿತಾರ್ಥದ ದಿನ ಬಂದೇ ಬಿಟ್ಟಿತು. ಬೆಳಿಗ್ಗೆ ಯಶೋದಾ ಸೀರೆ ಉಡುತ್ತಿದ್ದಾಗ ಹೊಳ್ಳರು ಕಾರಿನೊಳಗೆ ಕೂತು ಏಳನೆಯ ಸೆನ್ಸರಿಗೆ ಕೊನೆಯ ಸಲ ಕೈಮುಗಿದರು. ಮುಳ್ಳು ಏಳಲಿಲ್ಲ. ಆಗ ಅವರಿಗೆ ಕೆಟ್ಟ ಬುದ್ಧಿ ಬಂತು. ಮೀಟರಿನ ಗಾಜು ಬಿಚ್ಚಿ, 'ಇಂದಿನ ವಿಶೇಷ' ಚೀಟಿ ಅಂಟಿಸುವ ಮೈದಾ ಗೋಂದನ್ನು ಒಂದು ಹನಿ ತೆಗೆದು, ಮುಳ್ಳನ್ನು ಎಂಬತ್ತೈದರ ಮೇಲೆ ಅಂಟಿಸಿಬಿಟ್ಟರು. ಎಂಬತ್ತೈದು ಅಂದರೆ ಪರಮ ಆರೋಗ್ಯ.

ದಾರಿಯುದ್ದಕ್ಕೂ ಹೊಳ್ಳರದು ಒಂದೇ ರಾಗ. "ಕಾಣ್! ಎಂಬತ್ತೈದು!" ಭರೂಚ್ ಸೇತುವೆಯ ಮೇಲೆ: "ಎಂಬತ್ತೈದೇ!" ಯಶೋದಾಳಿಗೂ ಖುಷಿಯಾಯಿತು. ಒಂದು ಸಲವೂ ನಿಲ್ಲದೆ, ಮುಹೂರ್ತಕ್ಕೆ ಒಂದು ಗಂಟೆ ಮೊದಲೇ ಸೂರತ್ ಸೇರಿದರು. ಆರತಿ ಎತ್ತುವಾಗ ಅವಳ ಕಣ್ಣು ತುಂಬಿ ಬಂತು. ಗಂಡನ ಕಡೆ ನೋಡಿ ನಕ್ಕಳು ಕೂಡ. ಆ ನಗುವಿಗೆ ಹೊಳ್ಳರ ಎದೆಯಲ್ಲಿ ಮೈದಾ ಗೋಂದು ಚುರುಕ್ಕೆಂದಿತು.

ಊಟವಾಗಿ ಪಡಸಾಲೆಯಲ್ಲಿ ಎಲೆ ಅಡಿಕೆ ನಡೆದಿತ್ತು. ಹೊಳ್ಳರು ಬೀಗರನ್ನು ಸುತ್ತ ಕೂರಿಸಿಕೊಂಡು ಮೂರು ನಗರಗಳ ಸಾಹಸಯಾತ್ರೆ ವರ್ಣಿಸುತ್ತಿದ್ದರು. "ಕಡೆಗೂ ಸರಿಯಾದ ಸೆನ್ಸರ್ ಸಿಕ್ತ್ ಕಾಣಿ. ವಡೋದರಾದಿಂದ ಇಲ್ಲಿವರೆಗೆ ಮುಳ್ಳು ಅಲುಗಾಡ್ಲಿಲ್ಲ!"

"ಈಗ್ಲೂ ಅಲುಗಾಡ್ಲಿಲ್ಲ," ಎಂದಿತು ಬಾಗಿಲ ಕಡೆಯಿಂದ ಒಂದು ಧ್ವನಿ.

ಉಡುಗೊರೆಯ ಸೀರೆ ತರಲು, ಬೀಗ ಹಾಕದೆ ನಿಲ್ಲಿಸಿದ್ದ ಕಾರಿಗೆ ಹೋಗಿದ್ದ ಯಶೋದಾ ನಿಂತಿದ್ದಳು. "ಗಾಡಿ ನಿಲ್ಸಿ ನಾಲ್ಕು ಗಂಟೆ ಆಯ್ತ್. ಕೀಲಿ ನಿಮ್ಮ ಕಿಸೆಯಲ್ಲಿತ್ತ್. ಬಾನೆಟ್ ಮುಟ್ಟಿದ್ರೆ ತಣ್ಣಗೆ. ಮುಳ್ಳು ಮಾತ್ರ ಎಂಬತ್ತೈದು. ಎಂತ ಕತೆ ಮಾರಾಯ್ರೆ?"

ಪಡಸಾಲೆ ಗೊಳ್ಳೆಂದಿತು. ಬೀಗರು ಎಲೆ ಅಡಿಕೆ ಉಗುಳಲು ಎದ್ದರು.

ಭೀಮಸೇನ ಐತಾಳರು ಸೀರೆ ಮಿಲ್ಲಿನಲ್ಲಿ ಮೂವತ್ತು ವರ್ಷ ವಿದ್ಯುತ್ ಕೆಲಸ ಮಾಡಿದವರು. ನಗುತ್ತಲೇ ಬಾನೆಟ್ ಎತ್ತಿದರು. ಸೆನ್ಸರ್ ಬಿಚ್ಚಿದರು. ಬೆಳ್ಳಗೆ ಊದಿಕೊಂಡ ಅದನ್ನು ಎಲ್ಲರಿಗೂ ತೋರಿಸಿ ಕೇಳಿದರು: "ಭಾವ, ಇದ್ಕೆ ಕಾಲು ಮುರ್ದಿತ್ತಾ? ಬ್ಯಾಂಡೇಜ್ ಎಂತಕ್ಕೆ?"

"ಒಂದು ಹನಿ ನೀರೂ ಸೋರುಕಾಗ ಅಂತ..."

"ಇದ್ಕೆ ಇಪ್ಪುದು ಒಂದೇ ತಂತಿ. ಇನ್ನೊಂದು ತಂತಿ ಅಂದ್ರೆ ಇದರ ಮೈಯೇ. ಹಿತ್ತಾಳೆ ಎಂಜಿನ್ನಿಗೆ ಮುಟ್ಟಿದ್ರೆ ಮಾತ್ರ ಕರೆಂಟು. ನೀವು ಇದ್ಕೆ ಮಡಿ ಉಡ್ಸಿ, ಮುಟ್ಟದ ಹಾಗೆ ಕೂರ್ಸಿದ್ರಿ!"

ಇಡ್ಲಿ ಪಾತ್ರೆಯಲ್ಲಿ ಎರಡನೆಯ ತಂತಿ ಇತ್ತು. ಟೇಪು ಇರಲಿಲ್ಲ. ಹೊಳ್ಳರಿಗೆ ಥಟ್ಟನೆ ಎಲ್ಲ ಹೊಳೆಯಿತು. ಸ್ಟೇಷನ್ ಹತ್ತಿರದ ಮೊದಲ ಸೆನ್ಸರೂ ಸರಿಯೇ ಇತ್ತು! ಅಹಮದಾಬಾದಿನ ಮುದುಕನೂ ಸುಳ್ಳು ಹೇಳಿರಲಿಲ್ಲ.

"ಒಂದೆರಡು ಸುತ್ತು ಟೇಪು ಹಾಕಿ, ಸಾಕು," ಎಂದರು ಐತಾಳರು. ಹೊಳ್ಳರಿಗೆ ಟೇಪಿನ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. ಪ್ರಾಯಶ್ಚಿತ್ತವಾಗಿ ಒಂದು ಎಳೆಯನ್ನೂ ಉಳಿಸದೆ ಕಿತ್ತೆಸೆದು, ಬೆತ್ತಲೆ ಸೆನ್ಸರನ್ನು ಕೂರಿಸಿದರು. ಮುಳ್ಳಿನ ಗೋಂದನ್ನೂ ಕೆರೆದರು.

"ನಾನು ಮಗಳು ರೈಲಿಗೆ ಹೋತೋ," ಎಂದಳು ಯಶೋದಾ. "ಗಾಡಿ ಕೊಂಬವರು ಯಾರಾರೂ ದಾರೀಲಿ ಸಿಕ್ಕಿರೆ ಅಲ್ಲೇ ಕೊಟ್ಟು ಬನ್ನಿ."

ಹೊಳ್ಳರು ಒಬ್ಬರೇ ಹೊರಟರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ತಾನಾಗಿ ಎದ್ದಿತು! ಐವತ್ತು, ಎಪ್ಪತ್ತು, ಎಂಬತ್ತೈದು. ಹೊಳ್ಳರು ಸ್ಟೀರಿಂಗಿಗೆ ಮುತ್ತಿಟ್ಟರು. ತೊಂಬತ್ತೈದು. ನೂರು. ನೂರಹತ್ತು. ಭರೂಚ್ ಹತ್ತಿರ ಮುಳ್ಳು ಕೆಂಪಿಗೆ ಮುಟ್ಟಿತು, ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಟೇಪಿಲ್ಲದ ತಿರುಪಿನಿಂದ ನೀರೆಲ್ಲ ಹನಿ ಹನಿಯಾಗಿ ಸೋರಿಹೋಗಿತ್ತು.

ಸಂಜೆ ಅಲ್ಕಾಪುರಿಯ ಹೋಟೆಲಿನಲ್ಲಿ ಫೋನು ಹೊಡೆದುಕೊಂಡಿತು. ಯಶೋದಾ ಎತ್ತಿದಳು.

"ಯಶೋದಾ, ಮುಳ್ಳು ಸರಿಯಾಯ್ತ್!" ಎಸ್‌ಟಿಡಿ ಬೂತಿನಿಂದ ಹೊಳ್ಳರು ಕೂಗುತ್ತಿದ್ದರು. "ಎಂಜಿನ್ ಕುದೀತಾ ಇತ್ತ್, ಮುಳ್ಳೂ ಕೆಂಪಲ್ಲೇ ಇತ್ತ್! ಒಂದು ಡಿಗ್ರಿ ಸುಳ್ಳು ಹೇಳ್ಲಿಲ್ಲ! ಮಾತಂದ್ರೆ ಮಾತು, ಗಾಡಿ ಮಾರುಕಿಲ್ಲ!"

ಯಶೋದಾ ರಿಸೀವರನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದಳು.

"ಆಯ್ತ್ ಮಾರಾಯ್ರೆ, ಮಾರುದು ಬೇಡ," ಎಂದಳು. "ಗಾಡಿ ಮನೆಗೆ ತಕಂಡು ಬಪ್ಪುದು ಹ್ಯಾಂಗೆ ಅಂತ ಆ ಮುಳ್ಳನ್ನೇ ಕೇಳಿ. ಮತ್ತೆ ಬಪ್ಪಾಗ ಒಂದು ಟೇಪು ತನ್ನಿ. ನಲ್ಲಿ ಇನ್ನೂ ಸೋರ್ತಾ ಇತ್ತ್."