ಫೋನಿನ ಮುಂದಿಟ್ಟ ಕಷಾಯ

ಮೋಸದ ಫೋನು ಬಾರದ ಮನೆ ಈಗ ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ. ಸಹಕಾರಿ ಸಂಘದ ಕೌಂಟರಿನಲ್ಲಿ ಕೂತ ನಾನು ಯಲ್ಲಾಪುರ, ಸಿದ್ದಾಪುರ, ಶಿರಸಿ ಅಂತ ಎಲ್ಲಿಗೆ ವರ್ಗವಾದರೂ ಈ ಕತೆಗಳು ನನ್ನ ಬೆನ್ನು ಬಿಟ್ಟಿಲ್ಲ. ಹಣ ಕಳೆದುಕೊಂಡವರ ಕತೆ ಪೊಲೀಸರ ಹತ್ತಿರ ಇರಲಿ. ಬಚಾವಾದವರದ್ದು ನಾನು ಹೇಳುತ್ತೇನೆ, ಯಾಕೆಂದರೆ ಅವರು ಬಚಾವಾದದ್ದು ನನ್ನ ಬುದ್ಧಿವಾದದಿಂದಂತೂ ಅಲ್ಲ.

ಕನ್ನಡಕ ಪೇಟೆಗೆ ಹೋಗಿದೆ

ಯಲ್ಲಾಪುರದಲ್ಲಿದ್ದಾಗ ಮಾಗೋಡು ಕಡೆಯ ಅಮ್ಮನೊಬ್ಬರು ನಮ್ಮ ಸದಸ್ಯೆ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಹಾಗಾಗಿ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಟಕಿಯ ಮೊಳೆಗೆ ತೂಗುಹಾಕಿದ್ದರು. ಮಾತಾಡುವವರು ಚೀಲಕ್ಕೆ ಕಿವಿ ಕೊಟ್ಟು ನಿಲ್ಲಬೇಕು.

ಒಂದು ದಿನ ಯಾರೋ ಸಂಘದವನೆಂದು ಫೋನು ಮಾಡಿ, "ನಿಮ್ಮ ಖಾತೆ ಬಂದ್ ಆಗುತ್ತದೆ, ಈಗ ಬಂದ ಮೆಸೇಜಿನಲ್ಲಿರುವ ನಂಬರು ಓದಿ" ಎಂದ.

"ಓದೂದು ಹ್ಯಾಂಗೆ ಮಾರಾಯ? ಮನೆಗೆ ಇರೂದೇ ಒಂದು ಕನ್ನಡಕ. ಅದನ್ನ ಇವರು ಪೇಟೆಗೆ ಹಾಕ್ಕಂಡು ಹೋಗಿದ್ದಾರೆ. ಸಂಜೆ ಮಾಡು."

ಸಂಜೆ ಮತ್ತೆ ಮಾಡಿದ. ಕನ್ನಡಕ ಮನೆಗೆ ಬಂದಿತ್ತು, ಆದರೆ ಯಜಮಾನರು ಅದನ್ನು ಹಾಕಿಕೊಂಡೇ ನಿದ್ದೆಹೋಗಿದ್ದರು. ಎಬ್ಬಿಸಿದರೆ ಬೈಯುತ್ತಾರೆ, ನಾಳೆ ಮಾಡು ಎಂದರು ಅಮ್ಮ. ಮರುದಿನ ಕನ್ನಡಕ ಸಿಕ್ಕಿತು, ಕರೆಂಟು ಹೋಗಿ ಮೊಬೈಲು ಸತ್ತಿತ್ತು. ಕಡೆಗೆ ಆ ಪುಣ್ಯಾತ್ಮನೇ ಸೋತು ಕೈಬಿಟ್ಟ.

ಅಮ್ಮ ಕೌಂಟರಿಗೆ ಬಂದಾಗ ಇದನ್ನೆಲ್ಲ ನನಗೆ ಹೇಳಿ, "ನಿಮ್ಮ ಆ ಹುಡುಗ ಪಾಪ ಮತ್ತೆ ಫೋನೇ ಮಾಡ್ಲಿಲ್ಲ" ಎಂದರು. ಅವನು ಕಳ್ಳ ಎಂದು ನಾನು ಬಿಡಿಸಿ ಹೇಳಿದೆ.

"ಕಳ್ಳನಾದ್ರೂ ಎಂಥ ತಾಳ್ಮೆ! ಒಂದು ಸಲ ಸಿಡುಕಲಿಲ್ಲ. ನೀನು ಚೀಟಿ ಒಂಚೂರು ತಪ್ಪಾದ್ರೆ ಮೋರೆ ತಿರುಗಿಸ್ತೆ. ನಿನ್ನ ಬದಲು ಅವನನ್ನೇ ತಂದು ಇಲ್ಲಿ ಕೂರಿಸಲಿ!"

ಸಹಿ ತೋರಿಸುವುದಿಲ್ಲ

ಸಿದ್ದಾಪುರದಲ್ಲಿ ಸದಸ್ಯರ ಸಭೆ ಕರೆದು ನಾನು ಭಾಷಣ ಬಿಗಿದೆ. ಗುಟ್ಟಿನ ನಂಬರನ್ನು ಯಾರಿಗೂ ತೋರಿಸಬೇಡಿ, ನಮ್ಮ ಸಂಘದವರು ಕೇಳಿದರೂ ತೋರಿಸಬೇಡಿ ಎಂದೆ. ಚಪ್ಪಾಳೆ ಬಿತ್ತು.

ಮರುದಿನ ರೈತರೊಬ್ಬರು ಹಣ ತೆಗೆಯಲು ಬಂದರು. ಅಂಗೈ ಅಡ್ಡ ಹಿಡಿದು ಚೀಟಿಗೆ ಸಹಿ ಮಾಡಿದರು. ಸಹಿಯ ಭಾಗವನ್ನು ಒಳಗೆ ಮಡಚಿ ಕೊಟ್ಟರು. ನಾನು ಬಿಡಿಸಹೋದರೆ ಚೀಟಿಯ ಮೇಲೆ ಕೈ ಇಟ್ಟುಬಿಟ್ಟರು.

"ಸಹಿ ನೋಡಬೇಕಲ್ಲ?" ಎಂದೆ.

"ಯಾರಿಗೂ ತೋರಿಸಬೇಡಿ ಅಂದವರು ನೀವೇ."

"ಅದು ನಂಬರಿಗೆ. ನೀವು ನಿಜವಾದ ಖಾತೆದಾರರು ಹೌದೋ ಅಲ್ಲವೋ ನಾನು ನೋಡಬೇಡವೇ?"

"ನೀವು ನಿಜವಾದ ಸಂಘದವರು ಹೌದೋ ಅಲ್ಲವೋ ನಾನೂ ನೋಡಬೇಡ್ವಾ?"

ಸಾಕಾಗಿ ಮ್ಯಾನೇಜರನ್ನು ಕರೆದೆ. ರೈತರು ಅವರನ್ನು ಮೇಲಿಂದ ಕೆಳಗೆ ನೋಡಿ, ಚೀಟಿ ಜೇಬಿಗೆ ಹಾಕಿಕೊಂಡರು. "ಇವರಿಗಂತೂ ಇಲ್ಲವೇ ಇಲ್ಲ. ನಿನ್ನೆ ನೀವು ಹೇಳುವಾಗ ಇವರು ಗೊರಕೆ ಹೊಡೀತಿದ್ರು. ಇವರಿಗೆ ನಿಯಮ ಎಂತ ಗೊತ್ತು?"

ಇಸಳೂರಿನಲ್ಲಿ ಬಂಧನ

ಈಗ ನಾನಿರುವುದು ಶಿರಸಿ ಹತ್ತಿರದ ಇಸಳೂರಿನಲ್ಲಿ. ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್ ಮಾಸ್ತರು ಮತ್ತು ಅವರ ಹೆಂಡತಿ. ಆಕೆಯನ್ನು ನಾನು ಅಕ್ಕ ಎನ್ನುತ್ತೇನೆ. ಒಂದು ಭಾನುವಾರ ಹಾಲಿಗೆ ಹೆಪ್ಪು ಕೇಳಲು ಹೋದೆ. ಮಾಸ್ತರು ಕುರ್ಚಿಯಲ್ಲಿ ನೆಟ್ಟಗೆ ಕೂತು ಬೆವರುತ್ತಿದ್ದರು. ಎದುರಿಗೆ ತಂಬಿಗೆಗೆ ಒರಗಿಸಿಟ್ಟ ಮೊಬೈಲು, ಅದರಲ್ಲಿ ಟೋಪಿ ಹಾಕಿದ ಖಾಕಿ ಮನುಷ್ಯ. ಮೊಬೈಲಿನ ಮುಂದೆ ಒಂದು ಲೋಟ ಕಷಾಯ, ಪಕ್ಕದಲ್ಲಿ ಬಾಳೆಕಾಯಿ ಚಿಪ್ಸು!

"ಅಕ್ಕ, ಫೋನಿಗೆ ಎಂತಕ್ಕೆ ಕಷಾಯ?" ಎಂದು ಪಿಸುಗುಟ್ಟಿದೆ.

"ಶ್! ಯಾರಿಗೂ ಹೇಳ್ಲಾಗ ಅಂದಿದ್ದ. ದೊಡ್ಡ ಸಾಹೇಬ, ಬೆಳಗಿಂದ ಕೂತಿದ್ದ. ಅವನ ಎದ್ರಿಗೆ ಇವು ಒಬ್ಬರೇ ಕುಡಿಯೂದು ಹೇಂಗೆ ತಂಗಿ?" 'ಇವು' ಎಂದರೆ ಮಾಸ್ತರು.

ವಿಷಯ ಇಷ್ಟು: ಮಾಸ್ತರ ಹೆಸರಿನ ಪಾರ್ಸೆಲ್ಲಿನಲ್ಲಿ ಅಫೀಮು ಸಿಕ್ಕಿದೆಯಂತೆ. ಅವರು 'ಡಿಜಿಟಲ್ ಅರೆಸ್ಟ್' ಆಗಿದ್ದಾರಂತೆ. ಕ್ಯಾಮೆರಾ ಬಿಟ್ಟು ಏಳಬಾರದು, ನಾಳೆ ಸಂಘದ ಬಾಗಿಲು ತೆಗೆದ ಕೂಡಲೇ ಠೇವಣಿ ಮುರಿಸಿ ಹಣವನ್ನು ಸಾಹೇಬ ಹೇಳಿದ ಖಾತೆಗೆ ಹಾಕಬೇಕು. ಆ ಠೇವಣಿಯ ರಸೀದಿ ಬರೆದುಕೊಟ್ಟವಳು ನಾನೇ. ಅಕ್ಕನ ಮೊಣಕಾಲಿನ ಆಪರೇಷನ್ನಿಗೆ ಇದ್ದದ್ದು ಅದೊಂದೇ.

ಸಿಟ್ಟು ಬಂದು ಫೋನಿನ ಎದುರು ನಿಂತೆ. "ಸಾಹೇಬರೇ, ನಾನು ಆ ಸಂಘದವಳು. ಇಂಥ ಅರೆಸ್ಟು ಕಾನೂನಿನಲ್ಲೇ ಇಲ್ಲ. ನಿಮ್ಮ ಠಾಣೆ ಯಾವುದು?" ಟೋಪಿ ಮಾಯವಾಯಿತು.

ಮಾಸ್ತರು ಮಾತ್ರ ಏಳಲಿಲ್ಲ. "ಬಿಡುಗಡೆ ಆದೇಶ?" ಎಂದರು.

"ಮಾಸ್ತರೇ, ಅವನು ಕಳ್ಳ!"

"ಅದನ್ನ ಪೊಲೀಸ್ರು ಬಂದು ಹೇಳವು. ಸರ್ವಿಸ್ಸಲ್ಲಿ ಆನು ಆದೇಶ ಇಲ್ಲದ್ದೆ ಕುರ್ಚಿ ಬಿಟ್ಟವ ಅಲ್ಲ."

ಠಾಣೆಗೆ ಫೋನು ಮಾಡಿದೆ. ಅಷ್ಟರಲ್ಲಿ ಅಕ್ಕ ತಣ್ಣಗಾದ ಲೋಟ ನೋಡಿ ಹಣೆ ಚಚ್ಚಿಕೊಂಡರು. "ಎಂಗೆ ಆಗ್ಲೇ ತಿಳಿಯವಾಗಿತ್ತು! ಎಂಗ್ಳ ಮನೆಗೆ ಬಂದ ಯಾವ ಅಧಿಕಾರಿನೂ ಕಷಾಯ ಬಿಟ್ಟು ಹೋದದ್ದೇ ಇಲ್ಲೆ."

ಠಾಣೆಯಿಂದ ಹಾವೇರಿ ಕಡೆಯ ಪೊಲೀಸರೊಬ್ಬರು ಬೈಕಿನಲ್ಲಿ ಬಂದರು. ಅಕ್ಕ ಬಾಗಿಲಲ್ಲೇ ಕೇಳಿದರು: "ಆಸರಿಗೆ ಕುಡಿಯಲೆ ಕಷಾಯ ತರ್ಲಾ?"

"ಬ್ಯಾಡ್ರಿ ಅಮ್ಮಾರ, ಈಗಷ್ಟ ಚಾ ಕುಡದ ಬಂದೀನಿ."

ಅಕ್ಕ ಧಡ್ಡನೆ ಬಾಗಿಲು ಹಾಕಿ ಚಿಲಕ ಜಡಿದರು. "ಇವನೂ ಅದೇ ಗುಂಪಿನವ!"

ಪೊಲೀಸರು ಕಿಟಕಿಯಲ್ಲಿ ಗುರುತಿನ ಕಾರ್ಡು ತೋರಿಸಿದರು. "ಕಾರ್ಡು ಅವಂಗೂ ಇತ್ತು" ಎಂದರು ಅಕ್ಕ. ನಾನು ಎಷ್ಟು ಬೇಡಿಕೊಂಡರೂ ಚಿಲಕ ಬಿಡಲಿಲ್ಲ. ಕೊನೆಗೆ ಕುದಿಯುವ ಕಷಾಯದ ಲೋಟವನ್ನು ಕಿಟಕಿಯ ಸರಳಿನ ನಡುವೆ ಹೊರಗೆ ದಾಟಿಸಿದರು. ಪಾಪ, ಆ ಮನುಷ್ಯ ನಿಂತಲ್ಲೇ ಊದಿ ಊದಿ ಕುಡಿದು, ಲೋಟ ಬೋರಲು ಹಾಕಿ ತೋರಿಸಿದರು.

ಅಕ್ಕ ಚಿಲಕ ತೆಗೆದು ಒಳಗೆ ಕೂಗಿದರು: "ಏಳಿ, ಇವು ಖರೇ ಪೊಲೀಸರು!"

ಮಾಸ್ತರು ಕೂತಲ್ಲಿಂದಲೇ ಕೈಮುಗಿದು ಆದೇಶಕ್ಕೆ ಕಾದರು. ನಾಲಿಗೆ ಸುಟ್ಟುಕೊಂಡ ಪೊಲೀಸರಿಗೆ ಮಾತು ಹೊರಡಲಿಲ್ಲ. ಕೈಸನ್ನೆಯಲ್ಲೇ ಬಿಡುಗಡೆ ಮಾಡಿದರು.