ಮೂರು ಸಾವಿರನೇ ಇಸವಿಯ ತೆಳ್ಳೇವು

ಹೆಗಲ ಮೇಲೊಂದು ಶಾಲು ಬೀಳಬೇಕೆಂಬುದು ಸಿದ್ದಾಪುರದ ಹೈಸ್ಕೂಲು ಮಾಸ್ತರ ಕಮಲಾಕರನ ಬಹುದಿನದ ಆಸೆ. ಸಹೋದ್ಯೋಗಿ ಶಶಾಂಕನ ಮನೆಯಲ್ಲಿ ಸನ್ಮಾನದ ಶಾಲುಗಳನ್ನು ಸೋಫಾಕ್ಕೆ ಹೊದಿಸಿದ್ದರು. ಇವನಿಗೆ ಒಂದೂ ದಕ್ಕಿರಲಿಲ್ಲ. ಮಹಿಳಾ ಮಂಡಲದ ವಾರ್ಷಿಕೋತ್ಸವದಲ್ಲಿ ಕತೆ ಓದಿದವರಿಗೆ ಶಾಲು ಎಂದು ಗೊತ್ತಾದದ್ದೇ ತಡ, ಕೇಳುಗರ ಮನಸ್ಸರಿತು ಬರೆದ. ಮೂರು ಸಾವಿರನೇ ಇಸವಿ. ಭೂಮಿಯನ್ನು ಆಳುವವರೆಲ್ಲ ಹೆಂಗಸರು. ಮೋಡದ ಮೇಲೆ ಅರಮನೆ, ಮಂಗಳ ಗ್ರಹಕ್ಕೆ ದಿನಕ್ಕೆರಡು ಬಸ್ಸು.

ವಾರ್ಷಿಕೋತ್ಸವದ ದಿನ, ಮಂಡಲದ ಅಡಿಗೆಮನೆಯ ಹೊರಗೆ, ಸಭೆಗೆ ಮುಂಚೆ ಒಮ್ಮೆ ಓದಿ ತೋರಿಸಿ ಎಂದರು ಅಧ್ಯಕ್ಷೆ ಗಂಗಾಂಬಿಕಾ. ಹಾವೇರಿ ಕಡೆಯಿಂದ ಬಂದ ನಿವೃತ್ತ ಶಿಕ್ಷಕಿ. ತಪ್ಪು ಕಂಡರೆ ಬಿಡುವವರಲ್ಲ.

‘ರಾಣಿ ಮುಂಜಾನೆ ಎದ್ದು, ಎಲ್ಲರಿಗೂ ತೆಳ್ಳೇವು ಎರೆದಿಟ್ಟು, ಸಿಂಹಾಸನ ಏರಿದಳು’ ಎಂದು ಓದುವಷ್ಟರಲ್ಲಿ ಅವರ ಕೈ ಮೇಲೆದ್ದಿತು.

"ತಡೀರಿ ಸರ್. ದೋಸಿ ರಾಣಿನೇ ಯಾಕ ಹಾಕಬೇಕ್ರಿ?"

ಮಂಗಳದ ಬಸ್ಸಿನ ವೇಳೆಯನ್ನೂ ಯೋಚಿಸಿದ್ದ ಕಮಲಾಕರನಿಗೆ ಇದೊಂದು ಹೊಳೆದಿರಲಿಲ್ಲ. "ಮತ್ತೆ ಯಾರು ಹಾಕಬೇಕು ಮೇಡಂ?" ಎಂದ.

"ರಾಜ ಎರೀಲಿ," ಎಂದಳು ಪಕ್ಕದಲ್ಲಿದ್ದ ಹೆಂಡತಿ ಪರಿಮಳಾ.

ಪೆನ್ನು ತೆಗೆದು ತಿದ್ದಿದ: ‘ರಾಜ ಮುಂಜಾನೆ ಎದ್ದು ಅಕ್ಕಿ ನೆನೆಸಿ, ತೆಳ್ಳೇವು ಎರೆದನು.’

"ಬೆಳಿಗ್ಗೆ ನೆನೆಸಿರೆ ತಿಂಡಿ ಮಧ್ಯಾಹ್ನಕ್ಕೇಯಾ," ಎಂದಳು ಪರಿಮಳಾ. "ಅಕ್ಕಿ ರಾತ್ರಿನೇ ನೆನೆಸಕ್ಕು. ನಿಮಗೆ ಎಂತದೂ ಗೊತ್ತಿಲ್ಲೆ."

"ಗೊತ್ತಿಲ್ಲದ್ದು ಬರೀಬಾರದ್ರಿ," ಎಂದರು ಗಂಗಾಂಬಿಕಾ. "ಒಳಗ ಬರ್ರಿ. ಒಲಿ ಹಚ್ಚೇದ, ಹಿಟ್ಟು ಅದ. ಒಂದೆರಡು ಹಾಕಿ ನೋಡ್ರಿ, ಆಮ್ಯಾಲೆ ಬರೀರಿ."

ಕತೆಯ ಹಾಳೆಗಳನ್ನು ಹೆಂಡತಿಯ ಕೈಗೆ ಕೊಟ್ಟು, ಶಾಲಿಗಾಗಿ ಹೋದ. ಮೊದಲನೆಯದು ಹಳೆಯ ಬಾಡಿಗೆದಾರನಂತೆ ಕಾವಲಿ ಬಿಟ್ಟು ಏಳಲೊಲ್ಲದು. ನಾಲ್ಕೈದು ಕೆಟ್ಟ ಮೇಲೆ ಒಂದು ಇಡಿಯಾಗಿ ಎದ್ದಿತು. ಕಮಲಾಕರ ಖುಷಿಯಾಗಿ ಇನ್ನೂ ಎರಡು ಎರೆದ. ಅದೇ ಅವನು ಮಾಡಿದ ತಪ್ಪು. ಘಮ ಮೂಗಿಗೆ ಬಡಿದು ಇಡೀ ಮಂಡಲ ತಟ್ಟೆ ಹಿಡಿದು ಬಂದು ನಿಂತಿತು. ಅಡಿಗೆಯ ಬೈರ, ಕೆಲಸಕ್ಕೆ ಜನ ಸಿಕ್ಕಿತೆಂದು ಬೀಡಿ ಸೇದಲು ಹೊರಟುಹೋದ.

ಅಷ್ಟರಲ್ಲಿ ಸಭೆಯ ಮೈಕಿನಲ್ಲಿ ಮಂಗಳ ಗ್ರಹದ ಬಸ್ಸು ಹೊರಟಿತು.

"ನನ್ನ ಕತೆ ಯಾರು ಓದ್ತಿದಾರೆ?" ಎಂದ ಗಾಬರಿಯಿಂದ.

"ನಿಮ್ಮ ಮನಿಯವ್ರ ರೀ," ಎಂದರು ಸಾಲಿನಲ್ಲಿದ್ದ ನೀಲಗಂಗವ್ವ. "ಭಾಳ ಛಲೋ ತಿದ್ದ್ಯಾರ. ಎಲ್ಲಿ ಹೊಂಟ್ರಿ? ನಂದು ಹೊತ್ತತೈತಿ ನೋಡ್ರಿ."

ಕಾವಲಿ ಬಿಟ್ಟು ಹೋಗುವಂತಿರಲಿಲ್ಲ. ಚಪ್ಪಾಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಪರಿಮಳಾ ಒಳಗೆ ಬಂದಳು, ಹೆಗಲ ಮೇಲೆ ಜರಿಯಂಚಿನ ಶಾಲು. ಕಮಲಾಕರನಿಗೆ ಅಳುವೇ ಬಂದಿತು. ಬೆವರಿಳಿಯುತ್ತಿದ್ದ ಗಂಡನ ಮುಖ ನೋಡಿ ಅವಳಿಗೂ ಪಾಪ ಅನ್ನಿಸಿತು. ಶಾಲು ತೆಗೆದು, ಒಪ್ಪವಾಗಿ ಮಡಚಿ, ಅವನ ಕೈಯಲ್ಲಿಟ್ಟಳು.

"ತಗಳಿ, ಇದು ನಿಮಗೇಯಾ," ಎಂದಳು. "ಮಸಿಬಟ್ಟೆ ಎಲ್ಲೂ ಕಾಣ್ತಿಲ್ಲೆ. ಕಾವಲಿ ಸುಡ್ತು, ಇದ್ರಲ್ಲೇ ಹಿಡ್ಕಂಡು ಇಳಸಿ."